ಮಿಶಿಗನ್‌ನಲ್ಲಿ ಬೇಟೆಗೆ ಜಾಗ ಹುಡುಕುವುದು ಹೇಗೆ? ಈ ವಾರದ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಪಿನ ಅಡ್ಮಿನ್ ಒತ್ತಾಯಕ್ಕೆ ಈ ವಾರ ಉತ್ತರ ಹೇಳಲು ನಾನು ಕೂತಿದ್ದೇನೆ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಹಂಟರ್ ಸೇಫ್ಟಿ, ಅಂದರೆ ಬೇಟೆಗಾರರ ಸುರಕ್ಷತೆಯ ಪಾಠ ಮಾಡುತ್ತೇನೆ. ಜಿಂಕೆ ಕಾಟ ಇರುವ ಜಮೀನುದಾರರಿಗೆ ಸಲಹೆ ಕೊಡುವುದು ಹೊಟ್ಟೆಪಾಡು. ಹಾಗಾಗಿ ಬೇಲಿಯ ಎರಡೂ ಕಡೆಯವರ ದೂರು ಕೇಳಿ ಅಭ್ಯಾಸ ಆಗಿದೆ. ಯಾವ ಬಂದೂಕು, ಯಾವ ಸ್ಕೋಪ್ ಅಂತ ಕೇಳಬೇಡಿ, ಅದಕ್ಕೆ ಯೂಟ್ಯೂಬ್ ಇದೆ. ಜಾಗದ ಬಗ್ಗೆ ಕೇಳಿ.

ಪ್ರಶ್ನೆ (ಕ್ಯಾಂಟನ್‌ನಿಂದ): ಸರ್, ಹೋದ ತಿಂಗಳು ಹಂಟರ್ ಸೇಫ್ಟಿ ಮುಗಿಸಿದೆ. ಗ್ರೀನ್ ಕಾರ್ಡ್ ಇದೆ. ಆದರೆ ಡೆಟ್ರಾಯಿಟ್ ಸುತ್ತ ಎಲ್ಲಿ ನೋಡಿದರೂ ಮನೆಗಳೇ. ಆಫೀಸಿನವರು "ಉತ್ತರಕ್ಕೆ ಹೋಗು, ಅಲ್ಲಿ ಬರೀ ಕಾಡು" ಅಂತಾರೆ. ನಾಲ್ಕು ಗಂಟೆ ಡ್ರೈವ್ ಮಾಡಲೇಬೇಕಾ?

ಉತ್ತರ: ಬೇಡ. ಆಫೀಸಿನವರು ಹೇಳಿದ್ದು ಅರ್ಧ ನಿಜ. ಉತ್ತರದಲ್ಲಿ ಜಾಗ ಧಾರಾಳ. ಹುರಾನ್-ಮ್ಯಾನಿಸ್ಟೀ ರಾಷ್ಟ್ರೀಯ ಅರಣ್ಯವೇ ಹತ್ತಿರ ಹತ್ತಿರ 10 ಲಕ್ಷ ಎಕರೆ, ರಾಜ್ಯದ ಅರಣ್ಯ ಬೇರೆ. ಆದರೆ ಕಾಡು ಜಾಸ್ತಿ ಇದ್ದ ಕಡೆ ಜಿಂಕೆ ಜಾಸ್ತಿ ಅಂತ ಏನಿಲ್ಲ. ಬಿಳಿಬಾಲದ ಜಿಂಕೆಗೆ ಬೇಕಾದದ್ದು ಜೋಳ, ಸೋಯಾ ಹೊಲ, ಪಕ್ಕದಲ್ಲೇ ಅಡಗಲು ಒಂದು ತೋಪು. ಅದು ಸಿಗುವುದು ದಕ್ಷಿಣದಲ್ಲಿ, ನಿಮ್ಮ ಮನೆ ಇರುವ ಕಡೆಯೇ.

ನಿಮಗೆ ಹತ್ತಿರ ಇರುವುದು ವಾಟರ್‌ಲೂ ಮತ್ತು ಪಿಂಕ್ನಿ ರಿಕ್ರಿಯೇಷನ್ ಏರಿಯಾಗಳು, ಅಂದರೆ ರಾಜ್ಯ ಸರಕಾರದ ವಿಹಾರದ ಜಾಗಗಳು. ವಾಟರ್‌ಲೂ ಒಂದೇ 20 ಸಾವಿರ ಎಕರೆಗೂ ಮೇಲೆ. ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕ್ಯಾಂಪಿಂಗ್ ಹೋಗುತ್ತೀರಲ್ಲ, ಅದೇ ಜಾಗ. ಸೆಪ್ಟೆಂಬರ್ 15ರಿಂದ ಮಾರ್ಚ್ 31ರವರೆಗೆ ರಿಕ್ರಿಯೇಷನ್ ಏರಿಯಾಗಳಲ್ಲಿ ಬೇಟೆಗೆ ಬಿಡುತ್ತಾರೆ, ಕ್ಯಾಂಪ್ ಸುತ್ತಲಿನಂಥ ನಿಷೇಧಿತ ಭಾಗಗಳನ್ನು ಬಿಟ್ಟು. ಗಾಡಿಗೆ ರಿಕ್ರಿಯೇಷನ್ ಪಾಸ್‌ಪೋರ್ಟ್ (ಒಳಗೆ ಬಿಡುವ ಪಾಸ್) ಇರಲಿ. ಪಶ್ಚಿಮಕ್ಕೆ ಹೋದರೆ ಬ್ಯಾರಿ, ಅಲೆಗನ್ ಸ್ಟೇಟ್ ಗೇಮ್ ಏರಿಯಾಗಳಿವೆ, ಅವು ಇರುವುದೇ ವನ್ಯಜೀವಿ ಮತ್ತು ಬೇಟೆಗಾಗಿ.

ಒಂದು ಎಚ್ಚರಿಕೆ. ಮ್ಯಾಪ್‌ನಲ್ಲಿ ಹಸಿರು ಕಂಡಿದ್ದೆಲ್ಲ ಬೇಟೆ ಜಾಗ ಅಲ್ಲ. ಕೌಂಟಿ ಪಾರ್ಕು, ಊರಿನ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಸರಕಾರದ್ದೇ ಮಿ-ಹಂಟ್ ಅಂತ ಮ್ಯಾಪ್ ಇದೆ, ಪುಕ್ಕಟೆ. ಮೊದಲು ಅದನ್ನು ನೋಡಿ. ಇನ್ನೊಂದು, ಜನ ಇರುವ ಮನೆ, ಕೊಟ್ಟಿಗೆ ಇಂಥವುಗಳಿಂದ 450 ಅಡಿ ಒಳಗೆ ಮಾಲೀಕರ ಒಪ್ಪಿಗೆ ಇಲ್ಲದೆ ಬಂದೂಕಿನ ಬೇಟೆ ಇಲ್ಲ. ದಕ್ಷಿಣದ ಈ ಜಾಗಗಳ ಅಂಚಿನಲ್ಲಿ ಮನೆಗಳು ಸಾಲಾಗಿವೆ, ಅಲ್ಲಿ ಈ 450 ಅಡಿ ತುಂಬಾ ಎಕರೆ ತಿಂದುಹಾಕುತ್ತದೆ.

ಮತ್ತೆ ಕ್ಯಾಂಟನ್‌ನವರು: ಸರಿ, ವಾಟರ್‌ಲೂಗೆ ಹೋದೆ ಅಂತ ಇಟ್ಟುಕೊಳ್ಳಿ. 20 ಸಾವಿರ ಎಕರೆಯಲ್ಲಿ ಎಲ್ಲಿ ಅಂತ ಕೂರೋದು?

ಉತ್ತರ: ಇದೇ ನಿಜವಾದ ಪ್ರಶ್ನೆ. ಜಾಗ ಸಿಗುವುದು ಅಂದರೆ ಗೇಟು ಸಿಗುವುದಲ್ಲ, ಕೂರುವ ಮರ ಸಿಗುವುದು.

ನವೆಂಬರ್ 15ಕ್ಕೆ ಬಂದೂಕಿನ ಸೀಸನ್ ಶುರು. ಅವತ್ತು ಬೆಳಗ್ಗೆ ಹೋಗಿ ಜಾಗ ಹುಡುಕುತ್ತೇನೆ ಅಂದರೆ ಆಗುವುದಿಲ್ಲ. ಹುಡುಕುವ ಕಾಲ ಫೆಬ್ರುವರಿ ಕೊನೆ, ಮಾರ್ಚ್. ಎಲೆ ಇರುವುದಿಲ್ಲ, ಹಿಮ ಕರಗುತ್ತಿರುತ್ತದೆ, ಹೋದ ಸೀಸನ್ನಿನ ಜಾಡು ನೆಲದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಮೊಣಕಾಲಿನಿಂದ ಸೊಂಟದ ಎತ್ತರದಲ್ಲಿ ತೊಗಟೆ ಕಿತ್ತುಹೋದ ಎಳೆ ಮರಗಳು ಒಂದರ ಹಿಂದೆ ಒಂದು ಸಿಕ್ಕರೆ ಗಂಡು ಜಿಂಕೆ ಕೊಂಬು ಉಜ್ಜುತ್ತಾ ಆ ದಾರಿಯಲ್ಲೇ ನಡೆದಿದೆ ಅಂತ. ಉಜ್ಜಿದ ಬದಿ ಯಾವುದು ಅಂತ ನೋಡಿ, ಯಾವ ಕಡೆಯಿಂದ ಬರುತ್ತಿತ್ತು ಅಂತ ಅಂದಾಜಾಗುತ್ತದೆ. ಹಿಕ್ಕೆ ರಾಶಿ ರಾಶಿ ಬಿದ್ದಿರುವುದು ಮೇಯುವ ಜಾಗದಲ್ಲಿ ಅಥವಾ ಮಲಗುವ ಜಾಗದ ಹತ್ತಿರ. ಇವೆರಡರ ನಡುವಿನ ದಾರಿ ನಿಮಗೆ ಬೇಕು. ಮಲಗುವ ಜಾಗದ ಒಳಗೇ ನುಗ್ಗಬೇಡಿ. ಸೀಸನ್ನಿನಲ್ಲಿ ಹಾಗೆ ಮಾಡಿದರೆ ಆ ಜಿಂಕೆ ವಾರಗಟ್ಟಲೆ ಹಗಲು ಹೊತ್ತು ಮುಖ ತೋರಿಸುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಹೋಗಿ, ಈ ಸಲ ಓಕ್ ಮರ ನೋಡಲು. ಎಲೆಯ ಅಂಚಿನ ಬೆರಳಿನಂಥ ಭಾಗಗಳ ತುದಿ ದುಂಡಗಿದ್ದರೆ ಬಿಳಿ ಓಕ್, ಚೂಪಾಗಿದ್ದರೆ ಕೆಂಪು ಓಕ್. ಬಿಳಿ ಓಕ್ ಕಾಯಿಯಲ್ಲಿ ಒಗರು ಕಡಿಮೆ, ಜಿಂಕೆ ಮೊದಲು ಅದನ್ನೇ ತಿನ್ನುತ್ತದೆ. ಕೆಳಗೆ ಕಾಯಿಯ ಟೋಪಿ ಮಾತ್ರ ಬಿದ್ದಿದ್ದು ಕಾಯಿ ಇಲ್ಲ, ಎಲೆ ಕೆದರಿದೆ ಅಂದರೆ ಆ ಮರವನ್ನು ಫೋನಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ.

ಸಾರ್ವಜನಿಕ ಜಾಗದಲ್ಲಿ ಇನ್ನೊಂದು ಲೆಕ್ಕ ಇದೆ, ಅದು ಜಿಂಕೆಯದ್ದಲ್ಲ, ಜನರದ್ದು. ಹೆಚ್ಚಿನವರು ಪಾರ್ಕಿಂಗ್‌ನಿಂದ ಅರ್ಧ ಮೈಲಿ ದಾಟುವುದಿಲ್ಲ. 15ನೇ ತಾರೀಖು ಬೆಳಕು ಹರಿಯುವ ಮುಂಚೆ ಎಲ್ಲರೂ ಒಟ್ಟಿಗೆ ಒಳಗೆ ನುಗ್ಗುತ್ತಾರೆ, ಜಿಂಕೆಗಳು ಎದ್ದು ಜನ ಇಲ್ಲದ ಕಡೆ ಸರಿಯುತ್ತವೆ. ಸರಿಯುವುದು ಎಲ್ಲಿಗೆ? ಜೌಗಿಗೆ. ವಾಟರ್‌ಲೂ ತುಂಬಾ ಜೌಗು, ಗುಂಡಿ, ದಿಬ್ಬ, ಎಲ್ಲ ಹಳೇ ಹಿಮನದಿ ಬಿಟ್ಟುಹೋದದ್ದು. ಜೌಗಿನ ನಡುವೆ ಒಂದು ಒಣ ದಿಬ್ಬ ಇದ್ದರೆ, ಅಲ್ಲಿಗೆ ಹೋಗಲು ಗಂಬೂಟು ಬೇಕು ಅನ್ನುವ ಹಾಗಿದ್ದರೆ, ಅದರ ಅಂಚು ನೋಡಿ. ನೀವು ಓಡಿಸಬೇಕಾಗಿಲ್ಲ, ಉಳಿದವರು ಓಡಿಸಿಕೊಡುತ್ತಾರೆ.

ಕೊನೆಗೆ ಗಾಳಿ. ಎಷ್ಟು ಒಳ್ಳೆ ಜಾಗ ಆದರೂ ಗಾಳಿ ನಿಮ್ಮಿಂದ ಜಿಂಕೆ ಕಡೆ ಬೀಸುತ್ತಿದ್ದರೆ ಅವತ್ತು ಆ ಜಾಗ ಬಿಟ್ಟುಬಿಡಿ. ಆ್ಯಪ್ ದಿಕ್ಕು ಹೇಳುತ್ತದೆ, ಕಣಿವೆಯೊಳಗೆ ಗಾಳಿ ಹೇಗೆ ಸುಳಿಯುತ್ತದೆ ಅಂತ ಹೇಳುವುದಿಲ್ಲ. ಇಲ್ಲಿ ರಸ್ತೆ ಬದಿಯಲ್ಲಿ ಮಿಲ್ಕ್‌ವೀಡ್ ಬೆಳೆಯುತ್ತದೆ, ನಮ್ಮ ಎಕ್ಕದ ನೆಂಟ. ಎಕ್ಕದ ಕಾಯಿ ಒಡೆದು ಹತ್ತಿ ಹಾರಿಸಿ ಆಡುತ್ತಿದ್ದಿರಲ್ಲ, ಅದೇ ಥರದ ಹತ್ತಿ. ಒಂದೆರಡು ಒಣ ಕಾಯಿ ಜೇಬಲ್ಲಿರಲಿ. ಕೂತಲ್ಲಿಂದ ಒಂದು ಎಳೆ ಬಿಟ್ಟರೆ ನಿಮ್ಮ ವಾಸನೆ ಎಲ್ಲಿಗೆ ಹೋಗುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ (ಟ್ರಾಯ್‌ನಿಂದ): ನಾನಿನ್ನೂ ಎಚ್-1ಬಿ. ಗೆಳೆಯ "ಲೈಸೆನ್ಸ್ ತಗೊ, ನನ್ನ ಬಂದೂಕು ಕೊಡ್ತೀನಿ" ಅಂತಾನೆ. ಸಮಸ್ಯೆ ಇಲ್ಲ ಅಲ್ವಾ?

ಉತ್ತರ: ನಿಲ್ಲಿ, ನಿಲ್ಲಿ. ಎಚ್-1ಬಿ, ಎಚ್-4, ಎಫ್-1 ಹೀಗೆ ವಲಸೆಯೇತರ, ಅಂದರೆ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದೇ ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕೆ ಕೆಲವು ವಿನಾಯಿತಿಗಳಿವೆ. ನಿಮಗೆ ಅನ್ವಯಿಸುವುದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಮಿಶಿಗನ್ ಲೈಸೆನ್ಸ್ ಮಾರ್ಚ್ 1ಕ್ಕೆ ಶುರುವಾಗಿ ಮುಂದಿನ ವರ್ಷದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಲೈಸೆನ್ಸ್ ಮುಗಿದ ದಿನ ವಿನಾಯಿತಿಯೂ ಮುಗಿಯಿತು, ಬೀರುವಿನಲ್ಲಿ ಗೆಳೆಯನ ಬಂದೂಕು ಇದ್ದರೆ ಅವತ್ತಿನಿಂದ ನೀವು ತೊಂದರೆಯಲ್ಲಿ. ಲೈಸೆನ್ಸ್ ಇಲ್ಲದೆ "ಸುಮ್ನೆ ರೇಂಜಿಗೆ ಬಾ, ಎರಡು ಈಡು ಹೊಡಿ" ಅಂತ ಕರೆದರೂ ಹೋಗಬೇಡಿ. ಗ್ರೀನ್ ಕಾರ್ಡ್ ಅರ್ಜಿ ನಡೆಯುತ್ತಿರುವವರು ವಲಸೆ ವಕೀಲರನ್ನು ಕೇಳಿಯೇ ಮುಂದೆ ಹೆಜ್ಜೆ ಇಡಿ, ಗುಂಪಿನಲ್ಲಿ ಯಾರೋ ಹೇಳಿದರು ಅನ್ನುವುದು ಅಲ್ಲಿ ನಡೆಯುವುದಿಲ್ಲ. ಆ ಯಾರೋ ಅಂದರೆ ನಾನೂ ಸೇರಿ.

ನನ್ನನ್ನು ಕೇಳಿದರೆ ಕ್ರಾಸ್‌ಬೋ, ಅಂದರೆ ಟ್ರಿಗರ್ ಎಳೆದು ಬಾಣ ಬಿಡುವ ಬಿಲ್ಲಿನಿಂದ ಶುರು ಮಾಡಿ. ಫೆಡರಲ್ ಕಾನೂನಿನಲ್ಲಿ ಅದು ಬಂದೂಕಲ್ಲ. ಬಿಲ್ಲಿನ ಸೀಸನ್ ಅಕ್ಟೋಬರ್ 1ರಿಂದ ನವೆಂಬರ್ 14, ಚಳಿ ಕಡಿಮೆ, ಜನ ಕಡಿಮೆ.

ಪ್ರಶ್ನೆ (ಲ್ಯಾನ್ಸಿಂಗ್ ಹತ್ತಿರದಿಂದ): ಖಾಸಗಿ ಜಮೀನಿನಲ್ಲಿ ಕೇಳೋದು ಹೇಗೆ? ಬಣ್ಣ ನೋಡಿ, ಉಚ್ಚಾರ ಕೇಳಿ ಬಾಗಿಲು ಹಾಕಿಬಿಡ್ತಾರೆ ಅನ್ನೋ ಭಯ. ಬೇಲಿ ಇಲ್ಲದ, ಬೋರ್ಡ್ ಇಲ್ಲದ ತೋಪುಗಳಿಗೆ ಸುಮ್ನೆ ಹೋಗಬಹುದಾ?

ಉತ್ತರ: ಕೊನೆಯದ್ದು ಮೊದಲು. ಹೋಗಬಾರದು. ಹೊಲ ಮತ್ತು ಹೊಲಕ್ಕೆ ಅಂಟಿಕೊಂಡ ತೋಪಿಗೆ ಬೋರ್ಡ್ ಇರಲಿ ಬಿಡಲಿ, ಒಪ್ಪಿಗೆ ಬೇಕೇ ಬೇಕು.

ಭಯ ಅರ್ಥವಾಗುತ್ತದೆ. ಕೆಲವರು ಬಾಗಿಲು ಹಾಕುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೆಚ್ಚಿನ ಸಲ "ಇಲ್ಲ" ಅನ್ನಲು ಕಾರಣ ಬೇರೆ. ಅಳಿಯ ಅಲ್ಲಿ ಬೇಟೆಯಾಡುತ್ತಾನೆ, ಅಥವಾ ಹಿಂದೆ ಯಾರೋ ಗೇಟು ತೆರೆದಿಟ್ಟು ಹೋಗಿ ದನ ರಸ್ತೆಗೆ ಬಂದಿತ್ತು, ಅಥವಾ ಯಾರಾದರೂ ಬಿದ್ದು ಕಾಲು ಮುರಿದುಕೊಂಡು ಕೇಸ್ ಹಾಕಿದರೆ ಅನ್ನುವ ಚಿಂತೆ. ಈ ಮೂರನೆಯದಕ್ಕೆ ನಿಮ್ಮ ಹತ್ತಿರ ಉತ್ತರ ಇದೆ. ದುಡ್ಡು ಪಡೆಯದೆ ಬೇಟೆಗೆ ಬಿಟ್ಟ ಜಮೀನುದಾರರಿಗೆ ಮಿಶಿಗನ್ ಕಾನೂನು ರಕ್ಷಣೆ ಕೊಡುತ್ತದೆ, ಘೋರ ನಿರ್ಲಕ್ಷ್ಯ ಅಥವಾ ಬೇಕೆಂದೇ ಮಾಡಿದ ತಪ್ಪು ಇದ್ದರೆ ಮಾತ್ರ ಹೊಣೆ ಅವರ ಮೇಲೆ ಬರುತ್ತದೆ. ಇದನ್ನು ಎಷ್ಟೋ ಜಮೀನುದಾರರಿಗೆ ನಾನೇ ಹೇಳಬೇಕಾಗುತ್ತದೆ.

ಹೋಗುವ ಕಾಲ ಜುಲೈ, ಆಗಸ್ಟ್. ಸಂಜೆ ಸೋಯಾ ಹೊಲಗಳ ಪಕ್ಕ ನಿಧಾನವಾಗಿ ಗಾಡಿ ಓಡಿಸಿ, ಬೈನಾಕ್ಯುಲರ್ ಇರಲಿ. ಎಲ್ಲಿ ಹತ್ತು ಹನ್ನೆರಡು ಜಿಂಕೆ ಮೇಯುತ್ತಿವೆ ನೋಡಿ, ಕೌಂಟಿಯ ಪಾರ್ಸೆಲ್ ಮ್ಯಾಪ್‌ನಲ್ಲೋ (ಜಮೀನುಗಳ ನಕ್ಷೆ) ಆನ್‌ಎಕ್ಸ್ ಆ್ಯಪ್‌ನಲ್ಲೋ ಮಾಲೀಕರು ಯಾರು ಅಂತ ತಿಳಿದುಕೊಳ್ಳಿ. ಮಾರನೇ ದಿನ ಹಗಲಲ್ಲಿ ಹೋಗಿ, ಊಟದ ಹೊತ್ತಲ್ಲಿ ಬೇಡ. ಮೈಮೇಲೆ ಬೇಟೆ ಬಟ್ಟೆ ಬೇಡ, ಸ್ನೇಹಿತರ ದಂಡು ಬೇಡ. ಹೆಂಡತಿಯನ್ನೋ ಮಗಳನ್ನೋ ಕರೆದುಕೊಂಡು ಹೋದರೆ ಒಳ್ಳೆಯದೇ. ಬಾಗಿಲು ತಟ್ಟಿ ಎರಡು ಹೆಜ್ಜೆ ಹಿಂದೆ ನಿಂತುಕೊಳ್ಳಿ. ಹೆಸರು ಹೇಳಿ, ಎಲ್ಲಿ ಕೆಲಸ, ಎಲ್ಲಿ ಮನೆ ಹೇಳಿ. ಆಮೇಲೆ ಒಂದೇ ಮಾತು, "ನಿಮ್ಮ ಸೋಯಾದಲ್ಲಿ ಜಿಂಕೆ ಜಾಸ್ತಿ ಕಂಡವು, ಹೆಣ್ಣು ಜಿಂಕೆ ಮಾತ್ರ ಹೊಡೆಯಲು ಬಿಡುತ್ತೀರಾ?" ದೊಡ್ಡ ಕೊಂಬಿನ ಆಸೆಗೆ ಬರುವವರೇ ಎಲ್ಲ. ಹೆಣ್ಣು ಹೊಡೆಯುತ್ತೇನೆ ಅಂದವರ ಕಡೆ ರೈತ ಒಂದು ನಿಮಿಷ ಜಾಸ್ತಿ ನೋಡುತ್ತಾನೆ, ಯಾಕೆಂದರೆ ಬೆಳೆ ಉಳಿಯುವುದು ಅದರಿಂದಲೇ.

ಹೌದು ಅಂದರೆ ಬರಹದಲ್ಲಿ ತೆಗೆದುಕೊಳ್ಳಿ. ಗಾಡಿ ಎಲ್ಲಿ ನಿಲ್ಲಿಸಬೇಕು, ಗಡಿ ಎಲ್ಲಿ, ಇನ್ಯಾರು ಬರುತ್ತಾರೆ, ಯಾವ ದಿನ ಬೇಡ, ಇಷ್ಟು ಕೇಳಿ. ನಿಮಗೆ ಕೊಟ್ಟ ಒಪ್ಪಿಗೆ ನಿಮಗೆ ಮಾತ್ರ, ಭಾವಮೈದುನನಿಗಲ್ಲ. ಜಿಂಕೆ ಬಿದ್ದರೆ ಅವರಿಗೊಂದು ಪಾಲು ಕೊಡಿ. ಮಲೆನಾಡಿನವರಿಗೆ, ಕೊಡಗಿನವರಿಗೆ ಪಾಲಿನ ವಿಷಯ ನಾನು ಹೇಳಿಕೊಡಬೇಕಾಗಿಲ್ಲ. ಇಲ್ಲ ಅಂದರೆ ಥ್ಯಾಂಕ್ಸ್ ಹೇಳಿ, ನಂಬರ್ ಬರೆದ ಚೀಟಿ ಕೊಟ್ಟು ಬನ್ನಿ. ಅಕ್ಟೋಬರ್‌ನಲ್ಲಿ ಫೋನ್ ಬಂದದ್ದಿದೆ.

ಬಾಗಿಲು ತಟ್ಟಲು ಆಗುವುದೇ ಇಲ್ಲ ಅಂದರೆ ಹಂಟಿಂಗ್ ಆಕ್ಸೆಸ್ ಪ್ರೋಗ್ರಾಂ ನೋಡಿ, 1977ರಿಂದ ಇದೆ. ರೈತರಿಗೆ ದುಡ್ಡು ಕೊಟ್ಟು ಅವರ ಜಮೀನನ್ನು ಸರಕಾರವೇ ಬೇಟೆಗೆ ತೆರೆಸುತ್ತದೆ. ನೀವು ಅಲ್ಲಿ ಹೋಗಿ ಹೆಸರು ನೋಂದಾಯಿಸಿ ಟ್ಯಾಗ್ ತೆಗೆದುಕೊಂಡರೆ ಆಯಿತು. ರಾಜ್ಯದ ಉತ್ತರ ಭಾಗವಾದ ಅಪ್ಪರ್ ಪೆನಿನ್ಸುಲಾ ಕಡೆ ಹೋಗುವವರಿಗೆ ಕಮರ್ಷಿಯಲ್ ಫಾರೆಸ್ಟ್ ಜಮೀನು ಇದೆ, 20 ಲಕ್ಷ ಎಕರೆಗೂ ಮೇಲೆ. ಮರದ ಕಂಪನಿಗಳದ್ದೇ ಜಾಸ್ತಿ. ತೆರಿಗೆ ರಿಯಾಯಿತಿಗೆ ಬದಲಾಗಿ ಬೇಟೆಗೆ, ಮೀನು ಹಿಡಿಯಲು ಜನರನ್ನು ಬಿಡಲೇಬೇಕು. ನಡೆದು ಹೋಗಬೇಕು ಅಷ್ಟೇ.

ಪ್ರಶ್ನೆ (ನೋವೈಯಿಂದ): ದುಡ್ಡು ಕೊಟ್ಟು ಲೀಸ್ ತಗೊಳ್ಳೋದು?

ಉತ್ತರ: ಮೊದಲ ವರ್ಷ ಬೇಡ. ನಿಮಗೆ ಇಷ್ಟ ಆಗುತ್ತದೋ ಇಲ್ಲವೋ ಅಂತಲೇ ಗೊತ್ತಿಲ್ಲ. ಮೊದಲು ಸಾರ್ವಜನಿಕ ಜಾಗದಲ್ಲಿ ಅಳಿಲು, ಮೊಲದ ಬೇಟೆ ಮಾಡಿ, ಸೆಪ್ಟೆಂಬರ್ 15ಕ್ಕೆ ಶುರು. ನೆಲ ಓದುವುದು ಅದರಲ್ಲೇ ಬರುತ್ತದೆ.

ಪ್ರಶ್ನೆ (ಅದೇ ನೋವೈ): ನಾನು ಹೊಡೆದ ಜಿಂಕೆ ಪಕ್ಕದವರ ಜಮೀನಿಗೆ ಹೋಗಿ ಬಿದ್ದರೆ?

ಉತ್ತರ: ಬಿದ್ದಿರುವುದು ಕಣ್ಣಿಗೆ ಕಾಣುತ್ತಿದ್ದರೂ ಕೇಳದೆ ಗಡಿ ದಾಟಬಾರದು. ಅದಕ್ಕೇ ಅಕ್ಕಪಕ್ಕದವರ ಫೋನ್ ನಂಬರ್ ಮೊದಲೇ ಇಟ್ಟುಕೊಳ್ಳಿ. ಗಡಿಯಿಂದ ನೂರು ಗಜ ಒಳಗೆ ಕೂತರೆ ಈ ರಗಳೆ ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ (ತೀರ್ಥಹಳ್ಳಿಯಿಂದ): ನಿಮ್ಮದೆಲ್ಲ ಓದಿ ಹೊಟ್ಟೆಕಿಚ್ಚಾಯ್ತು. ನಮ್ಮ ಸ್ವಂತ ತೋಟಕ್ಕೆ ಬರೋ ಹಂದಿ ಹೊಡೆಯೋಕೂ ಆಗಲ್ಲ. ಖಾಸಗಿ ಜಮೀನು ಅಲ್ವಾ?

ಉತ್ತರ: ಅಲ್ಲಿ ಜಮೀನು ನಿಮ್ಮದು, ಪ್ರಾಣಿ ನಿಮ್ಮದಲ್ಲ. ಹಾಗೆ ನೋಡಿದರೆ ಇಲ್ಲೂ ಜಿಂಕೆ ಜಮೀನುದಾರನದ್ದಲ್ಲ, ರಾಜ್ಯದ್ದು. ರಾಜ್ಯ ಲೈಸೆನ್ಸ್ ಕೊಟ್ಟು ಬಿಡುತ್ತದೆ ಅಷ್ಟೇ. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಬೆಳೆಗೆ ಅಪಾಯ ಆದರೆ ಹಂದಿಯಂಥ ಪ್ರಾಣಿಗೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಲು ಆ ಕಾಯ್ದೆಯಲ್ಲೇ ದಾರಿ ಇದೆ, ಅದಿಲ್ಲದೆ ಕೋವಿ ಎತ್ತಿದರೆ ಕೇಸು. ಕೊಡವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ ಅಂತೀರಿ, ಅದು ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ. ಉರುಳು ಮಾತ್ರ ಹಾಕಲೇಬೇಡಿ, ಹಂದಿಗೆ ಹಾಕಿದ್ದರಲ್ಲಿ ಚಿರತೆ ಸಿಕ್ಕಿ ಸಾಯುತ್ತದೆ. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕಿ.

ಅಂದಹಾಗೆ, ಊರಿನ ಹಳೇ ಅಭ್ಯಾಸದಲ್ಲಿ ರಾತ್ರಿ ಹೆಡ್‌ಲೈಟ್ ಬಿಟ್ಟು ಕಣ್ಣು ಹೊಳೆಯುವುದು ನೋಡುವವರು ಇಲ್ಲೂ ಇದ್ದಾರೆ. ಮಿಶಿಗನ್‌ನಲ್ಲಿ ನವೆಂಬರ್ ತಿಂಗಳಿಡೀ ಬೆಳಕು ಹಾಕಿ ಜಿಂಕೆ ಹುಡುಕುವುದೇ ನಿಷಿದ್ಧ. ಬಂದೂಕು ಮನೆಯಲ್ಲೇ ಇದ್ದರೂ.

ಪ್ರಶ್ನೆ (ಕ್ಯಾಂಟನ್‌ನವರೇ, ಕೊನೆಯದು): ಸಾರ್ವಜನಿಕ ಜಾಗದಲ್ಲಿ ನಾನು ಹುಡುಕಿಟ್ಟ ಮರದ ಪಕ್ಕವೇ ಬೇರೆಯವರು ಅಟ್ಟಣೆ ಕಟ್ಟಿದ್ದರೆ?

ಉತ್ತರ: ಅಟ್ಟಣೆ ಕಟ್ಟಿದ ಮಾತ್ರಕ್ಕೆ ಆ ನೆಲ ಅವರದ್ದಾಗುವುದಿಲ್ಲ. ಆದರೆ ಅವರ ಅಟ್ಟಣೆ ಹತ್ತಬೇಡಿ, ಪಕ್ಕದಲ್ಲೂ ಕೂರಬೇಡಿ. ಒಂದೇ ಜಾಡಿಗೆ ಇಬ್ಬರು ಎದುರುಬದುರು ಕೂತರೆ ಗುಂಡು ಎಲ್ಲಿಗೆ ಹೋಗುತ್ತದೆ ಯೋಚಿಸಿ. ನೀವು ಕಟ್ಟುವುದಾದರೆ ಹೆಸರು, ವಿಳಾಸ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದು ತೂಗುಹಾಕಿ, ಮರಕ್ಕೆ ಮೊಳೆ, ಸ್ಕ್ರೂ ಹೊಡೆಯಬೇಡಿ. ಮಾರ್ಚ್‌ನಲ್ಲೇ ಮೂರು ಜಾಗ ಗುರುತು ಮಾಡಿಟ್ಟುಕೊಳ್ಳಿ, ಮೂರಕ್ಕೂ ಬೇರೆ ಬೇರೆ ಪಾರ್ಕಿಂಗ್ ಇರಲಿ. 15ರ ಬೆಳಗ್ಗೆ ಮೊದಲನೆಯದರಲ್ಲಿ ಎರಡು ಪಿಕಪ್ ನಿಂತಿದ್ದರೆ ಇಳಿಯಲೇಬೇಡಿ, ಎರಡನೆಯದಕ್ಕೆ ಹೊರಡಿ.