ಬೇಲೂರಿಗೂ ಬಾದಾಮಿಗೂ ಆಗುವ ಜೇಬಿನ ಕ್ಯಾಮೆರಾ ಯಾವುದು?

ಡಿಸೆಂಬರಿನಲ್ಲಿ ಹತ್ತು ದಿನ ಬಾದಾಮಿ, ಪಟ್ಟದಕಲ್ಲು, ಹಂಪಿ, ಕೊನೆಗೆ ಬೇಲೂರು ಸುತ್ತುವ ಯೋಚನೆ ಇದೆ. ಓಡಾಟವೆಲ್ಲ ಬಸ್ಸಿನಲ್ಲೇ. ದೊಡ್ಡ ಕ್ಯಾಮೆರಾ, ಎರಡು ಲೆನ್ಸ್ ಹೊತ್ತು ಹೆಗಲು ಸೋತಿದೆ. ಹೋದ ಸಲ ಅದು ಬ್ಯಾಗಿನಿಂದ ಹೊರಗೆ ಬಂದದ್ದೇ ಅಪರೂಪ. ಜೇಬಿಗೆ ಹಿಡಿಯಬೇಕು, ಚಿತ್ರವೂ ಚೆನ್ನಾಗಿರಬೇಕು. ಮೊಬೈಲೇ ಸಾಕಲ್ಲವೇ ಎಂದು ಮನೆಯಲ್ಲಿ ಹೇಳುತ್ತಾರೆ. ಬಳಸಿ ನೋಡಿದವರು ದಯವಿಟ್ಟು ತಿಳಿಸಿ.

ಹಾಸನದಿಂದ:
ನೆಂಟರು ಬಂದಾಗಲೆಲ್ಲ ಬೇಲೂರಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ. ಚೆನ್ನಕೇಶವ ಗುಡಿಯ ಮದನಿಕೆಯರು ಇರುವುದು ಸೂರಿನ ಕೆಳಗೆ, ಮುಂದಕ್ಕೆ ಬಾಗಿಕೊಂಡು. ಗೋಡೆಯ ಹತ್ತಿರ ನಿಂತು ಮೇಲಕ್ಕೆ ಕ್ಯಾಮೆರಾ ಎತ್ತಿದರೆ ಪಾದ ಮತ್ತು ಗಲ್ಲ ಸಿಗುತ್ತವೆ, ಮುಖ ಸಿಗುವುದಿಲ್ಲ. ಗುಡಿ ನಿಂತಿರುವ ಕಟ್ಟೆ, ಅಂದರೆ ಜಗತಿಯಿಂದ ಇಳಿದು ಅಂಗಳದಲ್ಲಿ ಹಿಂದೆ ಸರಿದು, 100 ಮಿ.ಮೀ. ದಾಟಿದ ಜೂಮ್‌ನಲ್ಲಿ (ಈ ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ) ತೆಗೆದರೆ ದರ್ಪಣಸುಂದರಿ ಕನ್ನಡಿ ಹಿಡಿದ ಬೆರಳುಗಳೂ ಎಣಿಸುವಂತೆ ಬರುತ್ತವೆ. ಅದೇ ಗುಡಿಯ ಒಳಗೆ ಬನ್ನಿ. ಬಾಗಿಲಿನಿಂದ, ಜಾಲಂಧ್ರಗಳಿಂದ ನುಸುಳುವ ಬೆಳಕು ಬಿಟ್ಟರೆ ಒಳಮಂಟಪವಾದ ನವರಂಗವೆಲ್ಲ ಮಬ್ಬು. ಬಳಪದ ಕಲ್ಲು ಮೊದಲೇ ಕಪ್ಪು. ಇಲ್ಲಿ ಜೂಮ್ ಕಟ್ಟಿಕೊಂಡು ಏನೂ ಆಗಬೇಕಿಲ್ಲ; ಬೆಳಕು ಕುಡಿಯುವ ಲೆನ್ಸ್ ಬೇಕು, ಆ ಬೆಳಕನ್ನು ಚಿತ್ರವಾಗಿಸುವ ಫಲಕ, ಅಂದರೆ ಸೆನ್ಸರ್, ದೊಡ್ಡದಿರಬೇಕು. ಒಂದೇ ಗುಡಿ ಎರಡು ಬಗೆಯ ಕ್ಯಾಮೆರಾ ಕೇಳುತ್ತದೆ. ಜೇಬಿನಲ್ಲಿ ಹಿಡಿಯುವ ಯಾವುದೂ ಎರಡನ್ನೂ ಪೂರ್ತಿಯಾಗಿ ಕೊಡುವುದಿಲ್ಲ.

ಅಗ್ಗದ ಪುಟ್ಟ ಕ್ಯಾಮೆರಾಗಳ ಸೆನ್ಸರ್ ಸುಮಾರು 6.2×4.6 ಮಿ.ಮೀ. ‘ಒಂದು ಇಂಚು’ ಎಂದು ಕರೆಯುವುದು 13.2×8.8 ಮಿ.ಮೀ. (ಇಂಚು ಎಂಬುದು ಹೆಸರಿಗೆ ಮಾತ್ರ, ಅಳೆದರೆ ಸಿಗುವುದಿಲ್ಲ). ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. ಸೋನಿಯ ಆರ್‌ಎಕ್ಸ್100 ಈ ಸೆನ್ಸರನ್ನು 2012ರಲ್ಲಿ 240 ಗ್ರಾಂ ತೂಕದೊಳಗೆ ಕೂರಿಸಿತು. ನನ್ನಲ್ಲಿರುವುದು ಅದರ ಮೂರನೇ ಆವೃತ್ತಿ, ಸೆಕೆಂಡ್ ಹ್ಯಾಂಡ್. ಜೂಮ್ 24ರಿಂದ 70 ಮಾತ್ರ, ಆದರೆ ಎಫ್/1.8ರಿಂದ 2.8 (ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ). ಆರನೇ ಆವೃತ್ತಿಯ ಜೂಮ್ 200ರವರೆಗೂ ಹೋಗುತ್ತದೆ. ಲೆನ್ಸ್ ಮಾತ್ರ ಎಫ್/2.8ರಿಂದಲೇ ಶುರು. ಅಂದರೆ ಜೂಮ್ ಮಾಡದ ಅಗಲ ತುದಿಯಲ್ಲೇ ಬೆಳಕು ಅರ್ಧಕ್ಕಿಂತ ಕಡಿಮೆಯಾಯಿತು. ನಾನು ನವರಂಗಕ್ಕೆ ಮತ ಹಾಕಿದೆ. ಮದನಿಕೆಯರನ್ನು ಕಣ್ಣಿನಲ್ಲೇ ನೋಡಿಕೊಂಡು ಬರುತ್ತೇನೆ.

ಇನ್ನೊಂದು ಮಾತು. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡು ಸೆಕೆಂಡಿನ ಟೈಮರ್ ಇಟ್ಟು ತೆಗೆಯಿರಿ. ಗುಂಡಿ ಒತ್ತಿದ ನಡುಕ ಅಷ್ಟರಲ್ಲಿ ಇಳಿದಿರುತ್ತದೆ.

ಧಾರವಾಡದಿಂದ:
ಜೂಮ್ ಆಸೆಯನ್ನು ಬಿಟ್ಟುಬಿಡಿ ಎನ್ನುವವಳು ನಾನು. ರಿಕೋ ಜಿಆರ್ 3 ಇದೆ. ಬ್ಯಾಟರಿ ಸೇರಿ 257 ಗ್ರಾಂ, ಒಳಗಿರುವುದು ಅನೇಕ ದೊಡ್ಡ ಕ್ಯಾಮೆರಾಗಳಲ್ಲಿ ಇರುವಂಥದೇ ಎಪಿಎಸ್-ಸಿ ಸೆನ್ಸರ್, ‘ಒಂದು ಇಂಚಿ’ಗಿಂತ ದೊಡ್ಡದು. ಲೆನ್ಸ್ 28 ಮಿ.ಮೀ. ಒಂದೇ. ಬಾದಾಮಿಯ ಮೂರನೇ ಗುಹೆ, ಮಂಗಳೇಶನ 578ರ ಶಾಸನ ಇರುವುದು, ಅದರ ಪಡಸಾಲೆಯಲ್ಲಿ ಹಿಂದೆ ಸರಿಯಲು ಜಾಗವೇ ಹೆಚ್ಚಿಲ್ಲ. ಅಲ್ಲಿ ಶೇಷನ ಸುರುಳಿಯ ಮೇಲೆ ಕುಳಿತ ವಿಷ್ಣು 28ಕ್ಕೆ ಆರಾಮವಾಗಿ ಹಿಡಿಸುತ್ತಾನೆ, ಕೆಂಪು ಕಲ್ಲಿನ ಪದರಗಳೂ ಉಳಿಯುತ್ತವೆ. ಕೊರತೆಗಳನ್ನೂ ಹೇಳಬೇಕಲ್ಲ: ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಇಲ್ಲ, ಫ್ಲಾಶ್ ಇಲ್ಲ, ಒಂದು ಚಾರ್ಜಿಗೆ ಕಂಪನಿ ಹೇಳುವುದೇ 200 ಚಿತ್ರ. ನಾನು ಮೂರು ಬ್ಯಾಟರಿ ಇಟ್ಟುಕೊಳ್ಳುತ್ತೇನೆ. ಇಟ್ಟುಕೊಳ್ಳುತ್ತಿದ್ದೆ ಎನ್ನಬೇಕು. ಒಂದನ್ನು ಬಿಸ್ಕತ್ತಿನ ಜತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದ್ದೆ, ಗುಹೆಯ ಮೆಟ್ಟಿಲ ಮೇಲೆ ಕೋತಿ ಚೀಲ ಸಮೇತ ಒಯ್ದಿತು. ಕ್ಯಾಮೆರಾದ ಪಟ್ಟಿ ಮಣಿಕಟ್ಟಿನಲ್ಲಿ ಇತ್ತು, ಬಚಾವಾಯಿತು.

ಹೊಸಪೇಟೆಯಿಂದ:
ಮನೆಯವರ ಮಾತನ್ನು ತೀರಾ ತೆಗೆದುಹಾಕಬೇಡಿ. ಬೆಳಗಿನ ಬಿಸಿಲಿನಲ್ಲಿ ಮಾತಂಗ ಬೆಟ್ಟದ ಮೇಲಿನಿಂದ ತೆಗೆದ ಚಿತ್ರವನ್ನು ಫೋನಿನ ಪರದೆಯಲ್ಲೇ ನೋಡುವುದಾದರೆ ಯಾವುದು ಕ್ಯಾಮೆರಾದ್ದು, ಯಾವುದು ಮೊಬೈಲಿನದು ಎಂದು ನಾನಂತೂ ಹೇಳಲಾರೆ. ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲೆ ಕೋಣೆಯಲ್ಲಿ ಮಾತ್ರ ಸೋತೆ. ಸಣ್ಣ ಕಿಂಡಿಯಿಂದ ಬಂದ ಬೆಳಕು ರಾಜಗೋಪುರವನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಲೆನ್ಸೂ ಇಲ್ಲದ, ಸೆನ್ಸರೂ ಇಲ್ಲದ ಕ್ಯಾಮೆರಾ ಅದು. ನನ್ನ ಮೊಬೈಲ್ ಅದನ್ನು ಬೆಳಗಿಸಲು ಹೋಗಿ ಗೋಪುರದ ಅಂತಸ್ತುಗಳನ್ನೂ ಗೋಡೆಯ ಒರಟುತನವನ್ನೂ ಕಲಸಿ ಹಿಟ್ಟು ಮಾಡಿತು. ಜತೆಗಿದ್ದವರ ಒಂದು ಇಂಚಿನ ಕ್ಯಾಮೆರಾದಲ್ಲಿ ಕಾಳುಕಾಳಾಗಿ ಬಂತು, ಆದರೆ ಗೋಪುರ ಗೋಪುರವಾಗಿಯೇ ಇತ್ತು. ಹಾಂ, ಹಂಪಿಯ ನಡುಮಧ್ಯಾಹ್ನ ಹಿಂಬದಿಯ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ವ್ಯೂಫೈಂಡರ್ ಇದ್ದರೆ ಒಳ್ಳೆಯದು.

ಸಾಗರದಿಂದ:
ಯಾವುದನ್ನಾದರೂ ಕೊಳ್ಳಿ, ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಹಾಕಿ ಬೀರುವಿನಲ್ಲಿ ಇಡಬೇಡಿ. ಜೂನ್‌ನಲ್ಲಿ ಇಟ್ಟದ್ದನ್ನು ದೀಪಾವಳಿಗೆ ತೆಗೆದಾಗ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹರಡಿತ್ತು. ರಿಪೇರಿಗೆ ಕೇಳಿದ ದುಡ್ಡಿಗೆ ಇನ್ನೊಂದೇ ಬರುತ್ತಿತ್ತು. ಬಿಗಿ ಮುಚ್ಚಳದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಇಷ್ಟು ಸಾಕು. ಅಕ್ಕಿ ಡಬ್ಬಿ ಬೇಡ, ಅದರ ಹುಡಿ ಇನ್ನೊಂದು ರಗಳೆ.

ಕೇಳಿದವರು ಮತ್ತೆ:
ಎಲ್ಲರಿಗೂ ಧನ್ಯವಾದ. ನಮ್ಮೂರಿನಲ್ಲೇ ಒಬ್ಬರು ಆರ್‌ಎಕ್ಸ್100 ಮೂರನೇ ಆವೃತ್ತಿ ಮಾರುತ್ತಿದ್ದಾರೆ, ಅದರಲ್ಲಿ ವ್ಯೂಫೈಂಡರ್ ಕೂಡ ಇದೆಯಂತೆ. ಭಾನುವಾರ ನೋಡಲು ಹೋಗುತ್ತೇನೆ. ಏನೇನು ಪರೀಕ್ಷಿಸಬೇಕು?

ಹಾಸನದಿಂದ:
ಜೂಮ್ ಅನ್ನು ಐದಾರು ಸಲ ಹಿಂದೆ ಮುಂದೆ ಆಡಿಸಿ, ಮರಳು ಅರೆದಂತೆ ಸದ್ದು ಬಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ವ್ಯೂಫೈಂಡರ್ ಪಕ್ಕದ ಗುಂಡಿ ಒತ್ತಿದರೆ ಮೇಲಕ್ಕೆ ಚಿಮ್ಮುತ್ತದೆ, ಆಮೇಲೆ ಅದನ್ನು ಕೈಯಿಂದ ಹಿಂದಕ್ಕೆ ಎಳೆಯಬೇಕು. ಎಳೆಯದೆ ನೋಡಿ ಮಸುಕಾಗಿದೆ ಎಂದುಕೊಳ್ಳಬೇಡಿ. ಲೆನ್ಸಿನೊಳಗೆ ಓರೆಯಾಗಿ ಟಾರ್ಚ್ ಬಿಟ್ಟು ಸಾಗರದವರು ಹೇಳಿದ ಬಲೆ ಇದೆಯೇ ನೋಡಿ. ಕೊನೆಗೆ ಎಫ್/11ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಕಪ್ಪು ಚುಕ್ಕೆಗಳಿದ್ದರೆ ಸೆನ್ಸರಿನ ಮೇಲೆ ಧೂಳು ಕುಳಿತಿದೆ ಎಂದರ್ಥ. ಲೆನ್ಸ್ ಬಿಚ್ಚಲು ಬಾರದ ಕ್ಯಾಮೆರಾ ಇದು, ಮನೆಯಲ್ಲಿ ಒರೆಸುವಂತಿಲ್ಲ. ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಕೇಳಿ.