ತಮ್ಮನ ದವಡೆಯಲ್ಲಿ ಅಮೆಲೋಬ್ಲಾಸ್ಟೋಮಾ ಅನ್ನುವ ಗಡ್ಡೆ ಅಂತ ರಿಪೋರ್ಟ್ ಬಂತು, ಕ್ಯಾನ್ಸರ್ ಅಲ್ಲ ಅಂದ್ಮೇಲೂ ಮೂಳೆ ಕತ್ತರಿಸಲೇಬೇಕಾ?

ಡೊಂಬಿವಲಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಾವು ಇರೋದು ಡೊಂಬಿವಲಿ, ಊರು ಕುಂದಾಪುರದ ಹತ್ರ. ನನ್ನ ತಮ್ಮನಿಗೆ 26 ವರ್ಷ, ಅಂಧೇರಿಯಲ್ಲಿ ಒಂದು ಹೋಟೆಲಲ್ಲಿ ಕ್ಯಾಶ್ ಕೌಂಟರ್ ನೋಡ್ಕೊಳ್ತಾನೆ. ಒಂದೂವರೆ ವರ್ಷದಿಂದ ಅವನ ಎಡಗಡೆ ಕೆಳದವಡೆ ಹಿಂದೆ ಸ್ವಲ್ಪ ಉಬ್ಬಿದ ಹಾಗೆ ಉಂಟು, ನೋವಿಲ್ಲ ಜ್ವರ ಇಲ್ಲ, ಹಾಗಾಗಿ ಅವ ಲಕ್ಷ್ಯವೇ ಕೊಡ್ಲಿಲ್ಲ. ಸ್ಟೇಷನ್ ಹತ್ರ ಒಬ್ರು ಡೆಂಟಿಸ್ಟಿಗೆ ತೋರಿಸಿದ್ವಿ, ಅವ್ರು ಎಕ್ಸ್‌ರೇನೂ ತೆಗೀಲಿಲ್ಲ, ಬುದ್ಧಿಹಲ್ಲು ಬರ್ತಾ ಉಂಟು ಅಂತ ಮೂರು ಸಲ ಆಂಟಿಬಯಾಟಿಕ್ ಕೊಟ್ರು. ಚೌತಿಗೆ ಊರಿಗೆ ಹೋದಾಗ ಅಮ್ಮನೇ ಹೇಳಿದ್ದು, ಇವನ ಮುಖ ಒಂದು ಬದಿ ದೊಡ್ಡ ಆಗಿದೆ ಅಂತ. ದಿನಾ ನೋಡುವ ನನಗೆ ಕಾಣ್ಲೇ ಇಲ್ಲ, ಅದೇ ಬೇಜಾರು ನನಗೆ.

ಆಮೇಲೆ ಓಪಿಜಿ, ಅಂದ್ರೆ ಇಡೀ ದವಡೆಯ ಎಕ್ಸ್‌ರೇ, ತೆಗೆಸಿದ್ವಿ. ದವಡೆ ಒಳಗೆ ಸೋಪಿನ ನೊರೆ ಗುಳ್ಳೆಗಳ ಹಾಗೆ ಕಪ್ಪು ಕಪ್ಪು, ಬುದ್ಧಿಹಲ್ಲು ಪೂರ್ತಿ ಕೆಳಗೆ ತಳ್ಳಿ ಹೋಗಿದೆ. ಸಿಟಿ ಆಯ್ತು, ಬಯಾಪ್ಸಿ ಆಯ್ತು, ರಿಪೋರ್ಟಲ್ಲಿ ಅಮೆಲೋಬ್ಲಾಸ್ಟೋಮಾ, ಫಾಲಿಕ್ಯುಲರ್ ಪ್ಯಾಟರ್ನ್ ಅಂತ ಬರ್ದಿದೆ. ಒಬ್ರು ಸರ್ಜನ್ ಆ ಭಾಗದ ದವಡೆ ತೆಗೆದು ಕಾಲಿನ ಮೂಳೆ ಹಾಕ್ಬೇಕು ಅಂದ್ರು, ಇನ್ನೊಬ್ರು ಅಷ್ಟೆಲ್ಲ ಬೇಡ, ಓಪನ್ ಮಾಡಿ ಕೆರೆದು ತೆಗೆದ್ರೆ ಸಾಕು ಅಂದ್ರು. ಇಬ್ರೂ ಕ್ಯಾನ್ಸರ್ ಅಲ್ಲ ಅಂತಾರೆ. ಅಲ್ಲ ಅಂದ್ಮೇಲೆ ಇಷ್ಟು ದೊಡ್ಡ ಆಪರೇಷನ್ ಯಾಕೆ? ಅವನಿಗೆ ಮದುವೆ ಮಾತುಕತೆ ನಡೀತಾ ಉಂಟು, ಮುಖ ಹೇಗಾಗ್ತದೋ ಅಂತ ಅವ ಎರಡು ವಾರದಿಂದ ಸರಿ ಊಟ ಮಾಡ್ಲಿಲ್ಲ. ಚಿಕ್ಕಮ್ಮ ಊರಲ್ಲಿ ಲೇಪ ಹಚ್ಚುವವರು ಇದ್ದಾರೆ, ಗಡ್ಡೆ ಕರಗ್ತದೆ ಅಂತಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹಡಪಸರ ಧಾರವಾಡದಾಂವ

ಅಕ್ಕಾರ, ನಾ ಪುಣೆದಾಗ ಇರ್ತೀನಿ, ನಂಗೂ ಇದ ಆಗಿತ್ತು, ಅದಕ್ಕ ಬರೀಲಿಕ್ಕತ್ತೀನಿ. 2016ದಾಗ ನಂಗ ಕೆರೆದು ತಗದ್ರು. ಸಣ್ಣ ಆಪರೇಷನ್, ನಾಕು ದಿನಕ್ಕ ಮನಿಗೆ ಬಂದೆ, ಎಲ್ಲಾರೂ ಖುಷಿ. ಡಾಕ್ಟರು ವರ್ಷಾ ಬಂದು ಎಕ್ಸ್‌ರೇ ತೋರಸ್ರಿ ಅಂದಿದ್ರು, ಎರಡು ವರ್ಷ ಹೋದೆ, ಆಮ್ಯಾಲೆ ಬಿಟ್ಟೆ. 2020ದಾಗ ಮತ್ತ ಬಾವು ಬಂತು, ಈ ಸಲ ಮೊದಲಿನಕಿಂತ ದೊಡ್ಡದು, ಮ್ಯಾಲೆ ಕಿವಿ ಕಡೆ ದವಡಿ ಕೀಲಿನ ಸಮೀಪ ತನಕ ಹೋಗಿತ್ತು. ಮೊದಲ ಸರಿಯಾಗಿ ತಗದಿದ್ರ ಎರಡು ಹಲ್ಲಿನಷ್ಟು ಕಡಿಮಿ ಮೂಳಿ ಹೋಗ್ತಿತ್ತು ಅಂತ ಎರಡನೇ ಸರ್ಜನ್ ಹೇಳಿದಾಗ ನಾ ಅಲ್ಲೇ ಕುಂತು ಅತ್ತಬಿಟ್ಟೆ.

ಕಾಲಿನ ಮೂಳಿ ಅಂದ್ರ ಹೆದರಬ್ಯಾಡ್ರಿ. ಮೊಣಕಾಲ ಕೆಳಗ ಎರಡು ಮೂಳಿ ಇರ್ತಾವ, ಮೈ ಭಾರ ಹೊರೂದು ದಪ್ಪಂದು, ಇವರು ತಗೊಳ್ಳೂದು ಹೊರಗಿನ ತೆಳ್ಳಂದು, ಫಿಬ್ಯುಲಾ ಅಂತಾರ. ಅದರಾಗೂ ಪಾದದ ಕೀಲಿನ ಕಡೆ ಒಂದಿಷ್ಟು, ಮೊಣಕಾಲ ಕಡೆ ಒಂದಿಷ್ಟು ಬಿಟ್ಟು ನಡುವಿಂದಷ್ಟ ತಗೀತಾರ. ರಕ್ತನಾಳದ ಸಮೇತ ತಗದು ಕುತ್ತಿಗಿ ಕಡೆ ನಾಳಕ್ಕ ಮೈಕ್ರೋಸ್ಕೋಪ್ ಇಟ್ಟು ಹೊಲೀತಾರ, ಅದಕ್ಕ ಟೈಮ್ ಹಿಡೀತದ, ನಂಗ ಹತ್ತು ತಾಸು ಹಿಡೀತು. ಹೊರಗ ಕುಂತ ನಮ್ಮವ್ವಗ ಆ ಹತ್ತು ತಾಸು ಹೆಂಗ ಹೋತೋ ದೇವರಿಗೇ ಗೊತ್ತು. ಐಸಿಯುದಾಗ ತಾಸಿಗೊಮ್ಮೆ ನರ್ಸ್ ಬಂದು ಹೊಸಾ ಮೂಳಿಗೆ ರಕ್ತ ಹರೀಲಿಕ್ಕತ್ತದೋ ಇಲ್ಲೋ ನೋಡ್ತಿದ್ರು. ಮೂಗಿನ ನಳಿಗಿಂದ ಊಟ, ಒಂದು ವಾರದ ಮ್ಯಾಲೆ ವಾಕರ್ ಹಿಡ್ಕೊಂಡು ನಡದೆ, ಈಗ ಸಿಂಹಗಡ ಹತ್ತಿ ಬರ್ತೀನಿ. ಕೆಳಗಿನ ತುಟಿ ಒಂದು ಬಾಜು ಜೋಮು ಹಿಡದಂಗ ಇನ್ನೂ ಅದ, ಚಹಾ ಕುಡಿಯೂವಾಗ ಸೋರಿದ್ದು ಗೊತ್ತಾಗೂದಿಲ್ಲ. ಅದನ್ನ ಮುಚ್ಚಿಟ್ಟು ಹೇಳೂದಿಲ್ಲ ನಾ. ಆದ್ರ ಮುಖ ಚಲೋ ಅದ, ಆ ಮೂಳ್ಯಾಗ ಇಂಪ್ಲಾಂಟ್ ಹಾಕಿ ಹಲ್ಲೂ ಕೂಡಿಸ್ಯಾರ, ಲಗ್ನಾನೂ ಆಗೇದ.

ವಾಶಿ ದಂತವೈದ್ಯ

ನಾನು ಓರಲ್ ಸರ್ಜನ್, ಮೂಲ ಪುತ್ತೂರು ಕಡೆ. ನಿಮ್ಮ ತಮ್ಮನ ಸ್ಕ್ಯಾನ್ ನೋಡದೆ ಇದೇ ಮಾಡಿ ಅಂತ ನಾನು ಹೇಳ್ಬಾರ್ದು, ಆದ್ರೆ ಇಬ್ಬರು ಯಾಕೆ ಎರಡು ಮಾತು ಹೇಳಿರಬಹುದು ಅಂತ ವಿವರಿಸ್ತೇನೆ.

ಹಲ್ಲು ಹುಟ್ಟುವಾಗ ಅದರ ಮೇಲಿನ ಬಿಳಿ ಗಟ್ಟಿ ಪದರ, ಎನಾಮಲ್, ತಯಾರು ಮಾಡೋಕೆ ಅಂತಲೇ ಒಂದು ಜಾತಿಯ ಜೀವಕೋಶ ಇರುತ್ತೆ. ಹಲ್ಲು ಬಂದ್ಮೇಲೆ ಅದರ ಕೆಲಸ ಮುಗೀತು, ಆದ್ರೆ ಆ ಅಂಗಾಂಶದ ಚೂರುಪಾರು ದವಡೆಯಲ್ಲೇ ಉಳ್ಕೊಂಡಿರುತ್ತೆ. ಅಂಥ ಚೂರಿನಿಂದ ಬೆಳೆಯೋ ಗಡ್ಡೆ ಇದು. ಹೆಚ್ಚಿನವು ಕೆಳದವಡೆಯ ಹಿಂಭಾಗದಲ್ಲೇ ಆಗುತ್ತೆ, ಬುದ್ಧಿಹಲ್ಲಿನ ಜಾಗದಲ್ಲಿ. ನಿಧಾನ, ನೋವಿಲ್ಲ, ಅದಕ್ಕೇ ತಡವಾಗಿ ಸಿಗುತ್ತೆ, ನೀವು ದಿನಾ ನೋಡ್ತಿದ್ದೂ ಗೊತ್ತಾಗಿಲ್ಲ ಅಂದ್ರೆ ಅದು ನಿಮ್ಮ ತಪ್ಪಲ್ಲ.

ಕ್ಯಾನ್ಸರ್ ಅಲ್ಲ ಅನ್ನೋದರ ಅರ್ಥ ಸಾಮಾನ್ಯವಾಗಿ ಇದು ಮೈಯಲ್ಲಿ ಬೇರೆ ಕಡೆ ಹರಡಲ್ಲ ಅಂತ. ಇದ್ದ ಜಾಗದಲ್ಲಿ ಮಾತ್ರ ಇದು ಸುಮ್ಮನಿರಲ್ಲ. ಮೂಳೆಯ ಒಳಗೆ ಸ್ಪಂಜಿನ ಥರ ಸಂದುಗಳಿರುತ್ತೆ ನೋಡಿ, ಅದರೊಳಗೆ ಬೇರು ಇಳಿದ ಹಾಗೆ ನುಗ್ಗುತ್ತೆ, ಎಕ್ಸ್‌ರೇಲಿ ಗಡ್ಡೆ ಇಲ್ಲಿಗೆ ಮುಗೀತು ಅಂತ ಕಂಡ ಗೆರೆ ದಾಟಿ ಕೂಡ ಅದರ ಕೋಶ ಇರುತ್ತೆ. ಕೆರೆದು ತೆಗೆದಾಗ ಉಳಿಯೋದು ಅದೇ. ಅದಕ್ಕೇ ಸುತ್ತ 1ರಿಂದ 2 ಸೆಂಟಿಮೀಟರ್ ಚೆನ್ನಾಗಿರೋ ಮೂಳೆನೂ ಸೇರಿಸಿ ತೆಗೆಯೋದು. ನಿಮ್ಮ ತಮ್ಮನ ಓಪಿಜಿ ಹೇಳೋ ಥರ ಹಲವು ಗೂಡು ಇರೋದು, ರಿಪೋರ್ಟಲ್ಲಿ ಫಾಲಿಕ್ಯುಲರ್ (ಮೈಕ್ರೋಸ್ಕೋಪಲ್ಲಿ ಕೋಶಗಳು ಕಾಣೋ ಒಂದು ನಮೂನೆ) ಅಂತ ಇರೋದು ನೋಡಿದ್ರೆ ಮೊದಲನೇ ಸರ್ಜನ್ ಹೇಳಿದ್ದರ ಕಡೆಗೇ ನನ್ನ ಮನಸ್ಸು ವಾಲುತ್ತೆ. ಯೂನಿಸಿಸ್ಟಿಕ್ ಅಂತ ಇನ್ನೊಂದು ಬಗೆ ಇದೆ, ಒಂದೇ ಚೀಲ, ಹೆಚ್ಚಾಗಿ ಚಿಕ್ಕ ವಯಸ್ಸಿನವರಲ್ಲಿ, ಗಡ್ಡೆಯ ಕೋಶ ಚೀಲದ ಒಳಪದರದಲ್ಲೇ ನಿಂತಿದ್ರೆ ಅಲ್ಲಿ ಚಿಕ್ಕ ಆಪರೇಷನ್ ನ್ಯಾಯ. ಚೀಲದ ಗೋಡೆಗೇ ನುಗ್ಗಿದ್ರೆ ಅದನ್ನೂ ದೊಡ್ಡದರ ಹಾಗೇ ನೋಡ್ಬೇಕಾಗುತ್ತೆ. ಹಾಗಾಗಿ ಎರಡನೇ ಡಾಕ್ಟರ ಹತ್ರ ನೇರವಾಗಿ ಕೇಳಿ, ಸರ್ ಇದು ಯಾವ ಬಗೆ ಅಂತ ಇಟ್ಕೊಂಡು ನೀವು ಕೆರೆದ್ರೆ ಸಾಕು ಅಂತಿದ್ದೀರಿ ಅಂತ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್ (ಮೇಣದಲ್ಲಿ ಇಟ್ಟಿರೋ ಗಡ್ಡೆಯ ಚೂರು) ವಾಪಸ್ ತಗೊಂಡು ಡೆಂಟಲ್ ಕಾಲೇಜಿನ ಓರಲ್ ಪೆಥಾಲಜಿಯವರಿಗೆ ಇನ್ನೊಮ್ಮೆ ತೋರಿಸಬಹುದು, ಸಣ್ಣ ಚೂರು ನೋಡಿ ಬಗೆ ಹೇಳೋದು ಕಷ್ಟ ಇರುತ್ತೆ.

ದವಡೆಯ ಕೆಳಅಂಚಿನಲ್ಲಿ ಸಾಕಷ್ಟು ಗಟ್ಟಿ ಮೂಳೆ ಗಡ್ಡೆ ಮುಟ್ಟದೆ ಉಳಿದಿದ್ರೆ ಅಂಚು ಉಳಿಸಿ ಮೇಲ್ಭಾಗ ಮಾತ್ರ ತೆಗೆಯೋಕೂ ಆಗುತ್ತೆ, ಸಿಟಿ ನೋಡಿ ಇದು ಸಾಧ್ಯವಾ ಅಂತ ಕೇಳಿ. 2014ರಲ್ಲಿ ಈ ಗಡ್ಡೆಗಳಲ್ಲಿ ಬಿರಾಫ್ ಅನ್ನೋ ಜೀನಿನ ಬದಲಾವಣೆ ಕಂಡುಹಿಡಿದ್ರು, ಕೆಳದವಡೆಯದ್ದರಲ್ಲಿ ಅದು ತುಂಬಾ ಸಾಮಾನ್ಯ, ಅದಕ್ಕೆ ತಕ್ಕ ಮಾತ್ರೆಯಿಂದ ಕೆಲವರಲ್ಲಿ ಗಡ್ಡೆ ಕುಗ್ಗಿದೆ. ಆದ್ರೆ ಎಲ್ಲರಿಗೂ ಕೊಡೋ ಮಾಮೂಲಿ ಚಿಕಿತ್ಸೆ ಇನ್ನೂ ಆಪರೇಷನ್ನೇ.

ಲೇಪದ ವಿಷಯ, ದಯವಿಟ್ಟು ಬೇಡ. ಗಡ್ಡೆ ಇರೋದು ಮೂಳೆಯ ಒಳಗೆ. ಚರ್ಮ ಸುಟ್ಟು ಹುಣ್ಣಾದ್ರೆ ಆಪರೇಷನ್ನೂ ಮುಂದಕ್ಕೆ ಹೋಗುತ್ತೆ.

ಖರ್ಚಿನ ಚಿಂತೆ ಇದ್ರೆ ಸಿಎಸ್‌ಎಂಟಿ ಹತ್ರದ ಸರ್ಕಾರಿ ಡೆಂಟಲ್ ಕಾಲೇಜು, ಮುಂಬೈ ಸೆಂಟ್ರಲ್‌ನ ನಾಯರ್ ಡೆಂಟಲ್, ಎರಡು ಕಡೆನೂ ತೋರಿಸಬಹುದು. ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಬರುತ್ತಾ ಅಂತ ಆಸ್ಪತ್ರೆಯಲ್ಲಿ ಕೂತಿರೋ ಆರೋಗ್ಯ ಮಿತ್ರರ ಹತ್ರ ಕೇಳಿ, ರೇಷನ್ ಕಾರ್ಡ್ ಆಧಾರ್ ಎರಡೂ ತಗೊಂಡು ಹೋಗಿ.

ಠಾಣೆ ಅಮ್ಮ

ನನ್ನ ಮಗಳಿಗೆ 11 ವರ್ಷ ಇದ್ದಾಗ ಮೇಲಿನ ಮುಂದಿನ ಹಲ್ಲು ಒಂದು ಬರ್ಲೇ ಇಲ್ಲ, ಎಕ್ಸ್‌ರೇಲಿ ಅಕ್ಕಿಕಾಳಿನ ಹಾಗೆ ಪುಟ್ಟ ಪುಟ್ಟ ಹಲ್ಲುಗಳ ಗೊಂಚಲು ದಾರಿಗೆ ಅಡ್ಡ ಕೂತಿತ್ತು. ಒಡಾಂಟೋಮಾ ಅಂದ್ರು. ಅದೂ ಹಲ್ಲು ಹುಟ್ಟಿಸುವ ಅಂಗಾಂಶದ್ದೇ ಗಡ್ಡೆ, ಆದ್ರೆ ತೆಗೆದ್ರು ಮುಗೀತು, ಮತ್ತೆ ಬರುವ ಭಯ ಇಲ್ಲ ಅಂದ್ರು. ಇದನ್ನ ಯಾಕೆ ಹೇಳಿದೆ ಅಂದ್ರೆ ನಂಟರು ಯಾರಾದ್ರೂ ನಮ್ಮ ಮನೆಯಲ್ಲೂ ದವಡೆ ಗಡ್ಡೆ ಇತ್ತು, ಅರ್ಧ ಗಂಟೆಯಲ್ಲಿ ತೆಗೆದ್ರು ಅಂತ ಹೇಳಿದ್ರೆ ಅದು ಯಾವ ಗಡ್ಡೆ ಅಂತ ಮೊದಲು ಕೇಳಿ ಅಕ್ಕ.

ಡೊಂಬಿವಲಿ ಅಕ್ಕ

ಎಲ್ಲರ ಉತ್ತರ ತಮ್ಮನಿಗೆ ಓದಿ ಹೇಳಿದೆ. ಧಾರವಾಡದವರು ಬರೆದದ್ದನ್ನ ಅವನೇ ಫೋನ್ ತಗೊಂಡು ಎರಡು ಸಲ ಓದಿದ. ಡಾಕ್ಟ್ರೇ, ನೀವು ಹೇಳಿದ ಹಾಗೆ ಎರಡನೆಯವರ ಹತ್ರ ಕೇಳಿದ್ವಿ, ಅವ್ರು ಓಪಿಜಿ ಮಾತ್ರ ನೋಡಿದ್ರಂತೆ, ಬಯಾಪ್ಸಿ ರಿಪೋರ್ಟ್ ತೋರಿಸಿದ ಮೇಲೆ ಅವ್ರೂ ಕತ್ತರಿಸುವುದೇ ಸರಿ ಅಂದ್ರು. ಕೆಳಅಂಚು ಉಳಿಸ್ಲಿಕ್ಕೆ ಆಗುವುದಿಲ್ಲ, ಮೂಳೆ ತುಂಬಾ ತೆಳು ಆಗಿದೆ. ಸ್ಲೈಡ್ ಇನ್ನೊಮ್ಮೆ ನೋಡ್ಲಿಕ್ಕೆ ಕೊಟ್ಟಿದ್ದೇವೆ, ಕಾಲಿನ ರಕ್ತನಾಳದ ಟೆಸ್ಟ್ ಶುಕ್ರವಾರ. ಹುಡುಗಿ ಮನೆಯವರಿಗೂ ಎಲ್ಲ ಬಿಚ್ಚಿ ಹೇಳಿದ್ವಿ, ಆಪರೇಷನ್ ಆಗ್ಲಿ, ಆಮೇಲೆ ಕೂತು ಮಾತಾಡುವ ಅಂದ್ರು. ಎಷ್ಟು ವರ್ಷ ತೋರಿಸ್ತಾ ಇರ್ಬೇಕು? ಮತ್ತೆ ನಳಿಗೆ ತೆಗೆದ ಮೇಲೆ ಮೊದಲು ಏನು ಕೊಡುವುದು?

ವಾಶಿ ದಂತವೈದ್ಯ

ಕಡಿಮೆ ಅಂದ್ರೂ ಹತ್ತು ವರ್ಷ, ಆಮೇಲೂ ಬಿಡಬೇಡಿ. ಮರಳಿ ಬರೋ ಕೇಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರೋದು ಮೊದಲ ಐದು ವರ್ಷದಲ್ಲಿ, ಉಳಿದವು ಅದಾದ್ಮೇಲೆ.

ಹಡಪಸರ ಧಾರವಾಡದಾಂವ

ಮೊದಲ ನೀರು ಕುಡಿಸಿ ನೋಡ್ತಾರ, ಕೆಮ್ಮು ಬರದಿದ್ರ ಮುಂದಿಂದು. ನಮ್ಮವ್ವ ಜ್ವಾಳದ ನುಚ್ಚು ಮೆತ್ತಗ ಕುದಿಸಿ ಮಿಕ್ಸರಿಗೆ ಹಾಕಿ ಸೋಸಿ ಮಜ್ಜಿಗಿ ಬೆರಸಿ ಕೊಡ್ತಿದ್ಲು, ನೀವು ಗಂಜಿ ತೆಳಿ ಕೊಡ್ರಿ. ಬಿಸಿ ಮಾತ್ರ ಕೊಡಬ್ಯಾಡ್ರಿ ಅಕ್ಕಾರ, ತುಟಿಗೆ ಸುಟ್ಟಿದ್ದು ಅವಗ ತಿಳಿಯೂದಿಲ್ಲ, ನಿಮ್ಮ ಕೈ ಮ್ಯಾಲೆ ಒಂದು ಹನಿ ಹಾಕ್ಕೊಂಡು ನೋಡಿ ಕೊಡ್ರಿ.