ಬೋರ್‌ವೆಲ್ ನೀರಲ್ಲಿ ಯುರೇನಿಯಂ ಅಂತೆ, ಅಪ್ಪನ ಕ್ರಿಯೇಟಿನಿನ್ ಏರಿರೋದು ಇದ್ರಿಂದಾನೇನಾ?

ಚಿಂತಾಮಣಿ_ಹುಡ್ಗ:
ನಮಸ್ಕಾರ ಎಲ್ರಿಗೂ. ನಮ್ಮೂರು ಚಿಂತಾಮಣಿ ತಾಲ್ಲೂಕು, ನಾನು ಬೆಂಗಳೂರಲ್ಲಿದೀನಿ, ಅಪ್ಪ ಅಮ್ಮ ಊರಲ್ಲೇ. ತೋಟದ ಬೋರು 1200 ಅಡಿ, ಕುಡಿಯೋಕೆ ಅಡುಗೆಗೆ ಎಲ್ಲಾ ಅದೇ ನೀರು. ಮೊನ್ನೆ ಅಪ್ಪಂಗೆ ಟೆಸ್ಟ್ ಮಾಡ್ಸಿದ್ರೆ ಕ್ರಿಯೇಟಿನಿನ್ (ಕಿಡ್ನಿ ಹೆಂಗೆ ಸೋಸ್ತಿದೆ ಅಂತ ನೋಡೋ ರಕ್ತದ ಟೆಸ್ಟ್) 1.7, ಯೂರಿನ್‌ನಲ್ಲಿ ಪ್ರೋಟೀನ್ ಒಂದು ಪ್ಲಸ್. ಅವ್ರಿಗೆ 61 ವರ್ಷ, ಶುಗರ್ ಇದೆ. ಇತ್ತ ವಾಟ್ಸಾಪಲ್ಲಿ ನಮ್ ಕಡೆ ನೀರಲ್ಲಿ ಯುರೇನಿಯಂ ಇದೆ, ಕಿಡ್ನಿ ಹೋಗುತ್ತೆ ಅಂತ ಮೆಸೇಜ್ ಓಡಾಡ್ತಿದೆ, ಅದನ್ನ ನೋಡಿ ಅಮ್ಮ ಹೆದರ್ಕೊಂಡು ನೀರು ಕುಡಿಯೋದನ್ನೇ ಕಮ್ಮಿ ಮಾಡಿದಾರೆ. ಇದು ನಿಜಾನಾ? ಕುದಿಸಿ ಕುಡಿದ್ರೆ ಸಾಕಾ? ಅಮ್ಮನ ಕ್ರಿಯೇಟಿನಿನ್ 0.8, ಅಂದ್ರೆ ಅವ್ರಿಗೇನೂ ಆಗಿಲ್ಲ ಅಂತ ತಾನೆ?

ಬಂಡೆಕಲ್ಲು:
ನೀರಿನ ವಿಷ್ಯ ನಿಜ. ಐಐಎಸ್‌ಸಿ ದಿವೇಚಾ ಸೆಂಟರ್‌ನವ್ರು ಪೂರ್ವ ಕರ್ನಾಟಕದ 73 ಹಳ್ಳಿ ನೀರು ನೋಡಿದ್ರು, 57 ಕಡೆ ಲೀಟರ್‌ಗೆ 30 ಮೈಕ್ರೋಗ್ರಾಂ ದಾಟಿತ್ತು, 48 ಕಡೆ 60 ಕೂಡ ದಾಟಿತ್ತು. 30 ಅನ್ನೋದು ಡಬ್ಲ್ಯೂಎಚ್‌ಓ ಹೇಳೋ ಮಿತಿ, ಈಗ ನಮ್ಮ ದೇಶದ ಗುಣಮಟ್ಟ ಸಂಸ್ಥೆ ಬಿಐಎಸ್‌ದೂ ಅದೇ, 60 ಅನ್ನೋದು ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿದು. ಇದು ಯಾವ್ದೋ ಫ್ಯಾಕ್ಟರಿ ತಂದು ಸುರಿದಿದ್ದಲ್ಲ. ನಮ್ಮ ಗ್ರಾನೈಟ್ ಬಂಡೇಲೇ ಯುರೇನಿಯಂ ಇರುತ್ತೆ, ಕೆರೆ ಬಾವಿ ಬತ್ತಿ ನಾವು ಸಾವಿರ ಅಡಿ ಕೆಳಗಿಳಿದ್ವಿ, ಅಲ್ಲಿ ಬಂಡೆ ಬಿರುಕಲ್ಲಿ ವರ್ಷಾನುಗಟ್ಲೆ ನಿಂತಿರೋ ನೀರಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇದ್ರೆ ಯುರೇನಿಯಂ ಕರಗಿ ಬರುತ್ತೆ. ಪಕ್ಕದ ತೋಟದ ಬೋರು ಸರಿ ಇದ್ರೂ ನಿಮ್ದು ಕೆಟ್ಟಿರಬಹುದು, ಅದಕ್ಕೇ ನಿಮ್ಮ ಬೋರಿಂದೇ ಟೆಸ್ಟ್ ಆಗ್ಬೇಕು. ಮಾಮೂಲಿ ನೀರಿನ ಟೆಸ್ಟಲ್ಲಿ ಟಿಡಿಎಸ್ಸು (ನೀರಲ್ಲಿ ಕರಗಿರೋ ಒಟ್ಟು ಲವಣ) ಫ್ಲೋರೈಡು ನೈಟ್ರೇಟು ಅಷ್ಟೇ ಕೊಡ್ತಾರೆ, ಯುರೇನಿಯಂ ಬೇಕು ಅಂತ ಬಾಯ್ಬಿಟ್ಟು ಕೇಳಿ. ಟಿಡಿಎಸ್ ಮೀಟರ್ ಅದ್ದಿ ನೋಡಿದ್ರೆ ಯುರೇನಿಯಂ ಗೊತ್ತಾಗಲ್ಲ.

ಕಿಡ್ನಿ_ಡಾಕ್ಟ್ರು:
ಮೊದ್ಲು ಅಮ್ಮಂಗೆ ಫೋನ್ ಮಾಡಿ ನೀರು ಕುಡಿಯೋಕೆ ಹೇಳಿ ಸರ್, ಬೇರೆ ವ್ಯವಸ್ಥೆ ಆಗೋವರೆಗೂ ಬಾಯಾರಿಸ್ಕೊಂಡು ಇರೋದು ಬೇಡ, ಈ ಬಿಸಿಲಲ್ಲಿ ಅದೇ ಕಿಡ್ನಿಗೆ ಇನ್ನೊಂದು ಪೆಟ್ಟು.

ಯುರೇನಿಯಂ ಅಂದ ತಕ್ಷಣ ಎಲ್ರೂ ರೇಡಿಯೇಷನ್ ಅಂತ ಹೆದರ್ತಾರೆ, ಕುಡಿಯೋ ನೀರಿನ ವಿಷ್ಯದಲ್ಲಿ ಮುಖ್ಯ ತೊಂದ್ರೆ ರೇಡಿಯೇಷನ್ ಅಲ್ಲ, ಸೀಸ ಕ್ಯಾಡ್ಮಿಯಂ ಥರ ಲೋಹದ ವಿಷ. ಹೊಟ್ಟೆಗೆ ಹೋಗಿದ್ದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ರಕ್ತಕ್ಕೆ ಸೇರುತ್ತೆ, ಅದ್ರಲ್ಲೂ ಹೆಚ್ಚಿನದು ಕೆಲವೇ ದಿನದಲ್ಲಿ ಮೂತ್ರದಲ್ಲಿ ಹೋಗುತ್ತೆ, ಉಳಿದದ್ದು ಮೂಳೆ ಮತ್ತೆ ಕಿಡ್ನೀಲಿ ಕೂರುತ್ತೆ. ರಕ್ತದಲ್ಲಿ ಬೈಕಾರ್ಬೊನೇಟ್ ಜೊತೆ ಜೋಡಿಯಾಗಿ ಬಂದಿದ್ದು ಕಿಡ್ನಿಯ ಸಣ್ಣ ನಾಳದಲ್ಲಿ ಬೇರೆಯಾಗಿ ಅಲ್ಲಿನ ಗೋಡೆಗೆ ಅಂಟ್ಕೊಳುತ್ತೆ. ಶುಗರ್, ಫಾಸ್ಫೇಟ್, ಸಣ್ಣ ಪ್ರೋಟೀನ್ ಎಲ್ಲಾ ವಾಪಸ್ ಎಳ್ಕೊಳ್ಳೋ ಜಾಗ ಅದು, ಏಟು ಬೀಳೋದು ಅಲ್ಲಿಗೇ. ಕ್ರಿಯೇಟಿನಿನ್ ತೋರ್ಸೋದು ಸೋಸೋ ಕೆಲಸ ಹೆಂಗಿದೆ ಅಂತ, ನಾಳದ ಸ್ಥಿತಿ ಅಲ್ಲ. ಫಿನ್ಲೆಂಡಲ್ಲಿ ಬಂಡೆ ಕೊರೆದ ಬಾವಿ ನೀರು ಕುಡಿಯೋ 325 ಜನರನ್ನ ನೋಡಿದ್ರು, ಯುರೇನಿಯಂ ಏರಿದಂಗೆಲ್ಲಾ ಮೂತ್ರದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಹೋಗೋದು ಸ್ವಲ್ಪ ಜಾಸ್ತಿ ಆಗಿತ್ತು, ಸೋಸೋ ಶಕ್ತಿ ಮಾತ್ರ ಹಂಗೇ ಇತ್ತು. ಹಾಗಾಗಿ ಅಮ್ಮನ 0.8 ಒಳ್ಳೇದೇ, ಆದ್ರೆ ಅದೊಂದನ್ನೇ ನಂಬ್ಕೊಂಡು ನೀರು ಬದಲಾಯಿಸ್ದೇ ಇರ್ಬೇಡಿ.

ಅಪ್ಪನ ರಿಪೋರ್ಟ್ ನಂಗೆ ಶುಗರ್ ಕಡೆಗೇ ಕಾಣ್ಸುತ್ತೆ. ಸ್ಟ್ರಿಪ್ಪಲ್ಲಿ ಪ್ಲಸ್ ಬರೋದು ಹೆಚ್ಚಾಗಿ ಆಲ್ಬುಮಿನ್, ಅದು ಶುಗರ್‌ನವ್ರಿಗೆ ಸೋರೋ ಪ್ರೋಟೀನ್. ಯೂರಿನ್ ಎಸಿಆರ್ (ಆಲ್ಬುಮಿನ್ ಎಷ್ಟು ಸೋರ್ತಿದೆ ಅಂತ ಅಳೆಯೋ ಟೆಸ್ಟ್) ಮಾಡ್ಸಿ, ಬಿಪಿ ನೋಡ್ಸಿ, ಕ್ರಿಯೇಟಿನಿನ್ ಇನ್ನೊಂದ್ಸಲ ಮಾಡ್ಸಿ. ನಾಳದ ಬಗ್ಗೆ ಡೌಟಿದ್ರೆ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಅನ್ನೋ ಸಣ್ಣ ಪ್ರೋಟೀನ್ ನೋಡೋ ಮೂತ್ರದ ಟೆಸ್ಟ್ ಇದೆ. ಇನ್ನೊಂದು, ಡಾಪಾಗ್ಲಿಫ್ಲೋಜಿನ್ ಥರ ಶುಗರ್ ಮಾತ್ರೆ ತಗೋತಿದ್ರೆ ಮೂತ್ರದಲ್ಲಿ ಶುಗರ್ ಬಂದೇ ಬರುತ್ತೆ, ಅದನ್ನ ಯುರೇನಿಯಂ ತಲೆಗೆ ಕಟ್ಬೇಡಿ. ಮಂಡಿನೋವು ಅಂತ ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡು ನುಂಗ್ತಾರಾ? ಅಂಥ ನೋವಿನ ಮಾತ್ರೆನೂ ಕಿಡ್ನಿಗೆ ಪೆಟ್ಟು ಕೊಡುತ್ತೆ, ಅದನ್ನ ತಪ್ಪದೇ ಕೇಳಿ.

ಬಾಗೇಪಲ್ಲಿ_ಅಕ್ಕ:
ಕುದಿಸಿದ್ರೆ ಯುರೇನಿಯಂ ಹೋಗಲ್ಲ ತಮ್ಮಾ, ನೀರು ಆವಿಯಾಗಿ ಉಳಿದಿದ್ರಲ್ಲಿ ಇನ್ನೂ ಗಟ್ಟಿ ಆಗುತ್ತೆ. ಕ್ಯಾಂಡಲ್ ಫಿಲ್ಟರ್, ಯುವಿ ಇದ್ಯಾವ್ದೂ ಕೆಲಸಕ್ಕೆ ಬರಲ್ಲ, ಆರ್‌ಓ ಸರಿಯಾಗಿದ್ರೆ 90 ಪರ್ಸೆಂಟ್ ಮೇಲೆ ತೆಗೆಯುತ್ತೆ. ಅಡುಗೆಗೂ ಆ ಆರ್‌ಓ ನೀರೇ ಹಾಕ್ಲಿ, ನಮ್ ಕಡೆ ಕುಡಿಯೋಕೆ ಮಾತ್ರ ಕ್ಯಾನ್ ತಂದು ಮುದ್ದೆ ಸಾರಿಗೆಲ್ಲಾ ಬೋರ್ ನೀರೇ ಹಾಕ್ತಾರೆ, ಹಿಂಗ್ ಮಾಡಿದ್ರೆ ಏನ್ ಪ್ರಯೋಜನ. ಸ್ನಾನ, ಬಟ್ಟೆ, ಪಾತ್ರೆಗೆ ಬೋರ್ ನೀರು ಪರವಾಗಿಲ್ಲ, ಚರ್ಮದಿಂದ ಒಳಗೆ ಹೋಗೋದು ಇಲ್ಲ ಅನ್ನೋಷ್ಟು ಕಮ್ಮಿ. ಊರಲ್ಲಿ ಶುದ್ಧ ನೀರಿನ ಘಟಕ ಇದ್ರೆ ಅಲ್ಲಿಂದ ತನ್ನಿ, ಆದ್ರೆ ಮೆಂಬ್ರೇನ್ (ಆರ್‌ಓದಲ್ಲಿ ನೀರು ಸೋಸೋ ಪೊರೆ) ಯಾವಾಗ ಬದಲಾಯಿಸಿದ್ರು ಅಂತ ಕೇಳಿ. ನಮ್ಮೂರ ಘಟಕದಲ್ಲಿ ಮೆಂಬ್ರೇನ್ ಹೋಗಿದ್ರೂ ಕಾಯಿನ್ ಹಾಕಿದ್ರೆ ನೀರು ಬರ್ತಾನೇ ಇತ್ತು, ಯಾರಿಗೂ ಗೊತ್ತಾಗಿರ್ಲಿಲ್ಲ.

ಚಿಂತಾಮಣಿ_ಹುಡ್ಗ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಡಾಕ್ಟ್ರೇ, ಕೇಳ್ದೆ, ಅಪ್ಪ ಮಂಡಿಗೆ ಡೈಕ್ಲೋಫೆನಾಕ್ ತಗೋತಾನೇ ಇದಾರಂತೆ, ನಮ್ಗೆ ಯಾರ್ಗೂ ಹೇಳಿರ್ಲಿಲ್ಲ. ಅಕ್ಕಾ, ಆರ್‌ಓ ಹಾಕಿಸಿದ್ರೆ ಆ ವೇಸ್ಟ್ ನೀರು ಹಸುಗೆ ಕುಡಿಸ್ಬಹುದಾ?

ಕಿಡ್ನಿ_ಡಾಕ್ಟ್ರು:
ಡೈಕ್ಲೋಫೆನಾಕ್ ಇವತ್ತೇ ನಿಲ್ಲಿಸಿ. ನೋವಿಗೆ ಏನ್ ಕೊಡ್ಬೇಕು ಅಂತ ಅವ್ರನ್ನ ನೋಡೋ ಡಾಕ್ಟ್ರು ಹೇಳ್ಲಿ.

ಬಾಗೇಪಲ್ಲಿ_ಅಕ್ಕ:
ಬೇಡಪ್ಪಾ, ತೆಗೆದಿದ್ದೆಲ್ಲಾ ಆ ನೀರಲ್ಲೇ ಸೇರಿರುತ್ತೆ. ಕೊಟ್ಟಿಗೆ ತೊಳೆಯೋಕೆ ಬಳಸ್ಲಿ, ಹಸು ತೊಟ್ಟಿಗೆ, ಸೊಪ್ಪಿನ ಮಡಿಗೆ ಬಿಡ್ಬೇಡಿ.